ಡಾಲರನ್ನು ರೂಪಾಯಿಗೆ ಗುಣಿಸುವ ಮೊದಲು

(ಸ್ವಸಹಾಯ ಸಂಘಗಳ ವಾರ್ಷಿಕ ಮಹಾಸಭೆಯಲ್ಲಿ ಹಿರಿಯ ಸದಸ್ಯೆಯೊಬ್ಬರು ಆಡಿದ ಮಾತುಗಳು. ಮಕ್ಕಳನ್ನು ವಿದೇಶಕ್ಕೆ ಕಳುಹಿಸಲು ಸಾಲ ಕೇಳುವ ಸದಸ್ಯೆಯರು ಹೆಚ್ಚುತ್ತಿರುವುದರಿಂದ ಇದನ್ನು ಬರಹಕ್ಕಿಳಿಸಿ ಇಲ್ಲಿ ಕೊಟ್ಟಿದ್ದೇವೆ.)



ನನಗೆ ಮೈಕಿನ ಮುಂದೆ ಮಾತಾಡಿ ಅಭ್ಯಾಸ ಇಲ್ಲ. ಸಂಘದ ವಾರದ ಸಭೆಯಲ್ಲಿ ನಡಾವಳಿ ಓದಿ ಗೊತ್ತು, ಅಷ್ಟೇ. ಆದರೆ ಹೋದ ತಿಂಗಳು ನಮ್ಮ ಸಂಘದಲ್ಲಿ ಇಬ್ಬರು ತಾಯಂದಿರು ಮಕ್ಕಳನ್ನು ಆಸ್ಟ್ರೇಲಿಯಾಕ್ಕೆ ಕಳುಹಿಸಲು ಸಾಲದ ಅರ್ಜಿ ಕೊಟ್ಟಾಗ ಪ್ರೇರಕಿಯವರು, "ನೀವು ಅಲ್ಲಿ ಇದ್ದು ಬಂದವರಲ್ವಾ, ನಾಲ್ಕು ಮಾತು ಹೇಳಿ" ಅಂದರು. ಹಾಗಾಗಿ ನಿಂತಿದ್ದೇನೆ. ಹೇಳುವುದರಲ್ಲಿ ನನ್ನ ತಪ್ಪೂ ಉಂಟು, ಅದನ್ನೇ ಮೊದಲು ಹೇಳ್ತೇನೆ.

ನನ್ನ ಮಗಳು ನರ್ಸ್. 2023ರ ಕೊನೆಯಲ್ಲಿ ಗಂಡ ಮತ್ತು ಒಂದು ವರ್ಷದ ಮಗುವಿನ ಜೊತೆ ಮೆಲ್ಬರ್ನಿಗೆ ಹೋದಳು. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ, ಕೆಲಸದ ಮೇಲೆ ಕೊಟ್ಟ ತಾತ್ಕಾಲಿಕ ವೀಸಾ. ಇಂಗ್ಲಿಷ್ ಪರೀಕ್ಷೆ, ನೋಂದಣಿ, ಟಿಕೆಟು ಎಂದು ಖರ್ಚಾದಾಗ ನಾನು ಸಂಘದಿಂದ ಒಂದು ಲಕ್ಷ ತೆಗೆದಿದ್ದೆ. ತಿಂಗಳಿಗೆ ಐದು ಸಾವಿರದ ಕಂತು. ಮೂರು ತಿಂಗಳು ಸರಿಯಾಗಿ ಬಂತು, ಆಮೇಲೆ ನಿಂತಿತು. ಸಭೆಯಲ್ಲಿ ನನ್ನ ಹೆಸರು ಓದುವಾಗ ತಲೆ ಎತ್ತಲಿಕ್ಕೆ ಆಗುತ್ತಿರಲಿಲ್ಲ. ಒಂದು ರಾತ್ರಿ ಸಿಟ್ಟಿನಲ್ಲಿ ಫೋನು ಮಾಡಿ, "ಗಂಟೆಗೆ ಎರಡು ಸಾವಿರ ರೂಪಾಯಿ ದುಡಿಯುವವರಿಗೆ ತಿಂಗಳಿಗೆ ಐದು ಸಾವಿರ ಕಳಿಸಲಿಕ್ಕೆ ಆಗುವುದಿಲ್ಲವಾ? ಅಮ್ಮನ ಮರ್ಯಾದೆ ಬೇಡವಾ?" ಎಂದು ಕೇಳಿದೆ. ಅವಳು ಏನೂ ಹೇಳಲಿಲ್ಲ. ಫೋನು ಇಟ್ಟಳು.

2025ರ ಮೇ ತಿಂಗಳಲ್ಲಿ ಮಗುವನ್ನು ನೋಡಿಕೊಳ್ಳಲು ನಾನೇ ಅಲ್ಲಿಗೆ ಹೋದೆ. ಐದು ತಿಂಗಳು ಇದ್ದೆ. ಆವಾಗ ಗೊತ್ತಾಯಿತು, ಗುಣಾಕಾರ ಮಾಡಿದ್ದು ನಾನು, ಕಳೆಯುವ ಲೆಕ್ಕ ಮಾಡುತ್ತಿದ್ದದ್ದು ಅವಳು.

ಅಲ್ಲಿ ಎಲ್ಲವೂ ವಾರದ ಲೆಕ್ಕ

ಆ ವರ್ಷ ಒಂದು ಆಸ್ಟ್ರೇಲಿಯನ್ ಡಾಲರಿಗೆ 53ರಿಂದ 60 ರೂಪಾಯಿವರೆಗೆ ಇತ್ತು. ನಾವು ಸುಲಭಕ್ಕೆ 60 ಎಂದು ಹಿಡಿಯೋಣ. ಸರಕಾರ ನಿಗದಿ ಮಾಡಿದ ಕನಿಷ್ಠ ಕೂಲಿ 2025ರ ಜುಲೈ 1ರಿಂದ ಗಂಟೆಗೆ 24 ಡಾಲರ್ 95 ಸೆಂಟ್ಸ್. ವಾರಕ್ಕೆ 38 ಗಂಟೆ ದುಡಿದರೆ 948 ಡಾಲರ್. ಕೇಳಿದ ಕೂಡಲೇ ನಾವು ಬೀಡಿ ಕಟ್ಟುವವರು ಬಾಯಿ ಮೇಲೆ ಕೈ ಇಡ್ತೇವೆ. ಆದರೆ ತೆರಿಗೆ ಕಳೆದು ಕೈಗೆ ಬರುವುದು ಎಂಟುನೂರರ ಆಸುಪಾಸು, ಮನೆ ಬಾಡಿಗೆಯೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ.

ಬಾಡಿಗೆಯನ್ನು ಅಲ್ಲಿ ವಾರಕ್ಕೆ ಇಷ್ಟು ಎಂದು ಹೇಳುತ್ತಾರೆ, ಕಟ್ಟುವುದು ಹೆಚ್ಚಾಗಿ ತಿಂಗಳಿಗೆ. ಮಗಳ ಮನೆ ಟಾರ್ನೀಟ್ ಎಂಬ ಕಡೆ, ಮೆಲ್ಬರ್ನಿನ ಪಶ್ಚಿಮದ ಹೊರವಲಯದಲ್ಲಿ. ಮೂರು ಕೋಣೆ, ಹಿಂದೆ ಸ್ವಲ್ಪ ಹಿತ್ತಿಲು. ವಾರಕ್ಕೆ 500. ಅಳಿಯ ಊರಿಂದ ಹೊರಡುವಾಗ "ನಾಲ್ಕು ವಾರ, ಎರಡು ಸಾವಿರ" ಎಂದು ಬರೆದಿದ್ದನಂತೆ. ವಾರಕ್ಕೆ 20 ರೂಪಾಯಿ ಉಳಿತಾಯ ಮಾಡುವ ನಾವು ಹೇಳಬಹುದಿತ್ತು: ವರ್ಷಕ್ಕೆ ಆಗುವುದು 960 ಅಲ್ಲ, 1,040. ವರ್ಷದಲ್ಲಿ 52 ವಾರ. ಹಾಗಾಗಿ 500 ಡಾಲರಿನ ಮನೆಗೆ ತಿಂಗಳಿಗೆ ಸುಮಾರು 2,167. ಒಳಗೆ ಕಾಲಿಡುವ ಮೊದಲು ಒಂದು ತಿಂಗಳ ಬಾಡಿಗೆ ಮುಂಗಡ, ಇನ್ನೊಂದು ತಿಂಗಳಿನಷ್ಟು ಬಾಂಡ್. ಎರಡೂ ಸೇರಿ 4,300ಕ್ಕಿಂತ ಹೆಚ್ಚು, ಅಂದರೆ ನಮ್ಮ 2 ಲಕ್ಷ 60 ಸಾವಿರ. ಬಾಂಡ್ ಹಣ ಮನೆ ಯಜಮಾನನ ಕಿಸೆಗೆ ಹೋಗುವುದಿಲ್ಲ. ವಿಕ್ಟೋರಿಯಾ ರಾಜ್ಯದಲ್ಲಿ ಅದಕ್ಕೆಂದೇ ಇರುವ ಸರಕಾರಿ ಪ್ರಾಧಿಕಾರದಲ್ಲಿ ಇರುತ್ತದೆ, ಅದು ಒಳ್ಳೆಯ ಪದ್ಧತಿ. ಮನೆ ಹಿಡಿಯುವ ದಿನವೇ ಗೋಡೆ, ನೆಲ, ಒಲೆ ಎಲ್ಲದರ ಫೋಟೋ ತೆಗೆದು ಇಟ್ಟುಕೊಂಡರೆ ಬಿಡುವಾಗ ತಕರಾರು ಕಡಿಮೆ. ಮನೆ ಎಂದರೆ ಬರೀ ಮನೆ. ಒಲೆ ಉಂಟು. ಮಂಚ, ಫ್ರಿಜ್ಜು, ಬಟ್ಟೆ ಒಗೆಯುವ ಮೆಷಿನು ಯಾವುದೂ ಇಲ್ಲ.

ಆ ಸಾಮಾನು ಹೊಸತು ಕೊಳ್ಳಬೇಕೆಂದಿಲ್ಲ ಎನ್ನುವುದು ಅವರಿಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ನಮ್ಮ ಚರ್ಚುಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಉಂಟಲ್ಲ, ಅದೇ ಸಭೆಯವರದ್ದು ಅಲ್ಲಿ ಊರೂರಿಗೆ ಹಳೆ ಸಾಮಾನಿನ ಅಂಗಡಿಗಳು ಉಂಟು, 'ವಿನ್ನೀಸ್' ಎನ್ನುತ್ತಾರೆ. ಸಾಲ್ವೇಶನ್ ಆರ್ಮಿಯವರದ್ದೂ ಉಂಟು. ದುಡ್ಡಿದ್ದವರೂ ಅಲ್ಲಿ ಕೊಳ್ಳುತ್ತಾರೆ, ನಾಚಿಕೆ ಏನಿಲ್ಲ. ಮಗುವಿನ ಚಳಿಯ ಕೋಟು ನಾನು ಅಲ್ಲಿಂದಲೇ ತಂದದ್ದು, 6 ಡಾಲರಿಗೆ.

ಬಸ್ಸು, ರೈಲು, ಎರಡನೇ ಕಾರು

ಇದು ಸ್ವಲ್ಪ ಉದ್ದದ ವಿಷಯ, ಯಾಕೆಂದರೆ ನನ್ನ ಮಗಳ ಹಣ ಸೋರಿಹೋದದ್ದು ಇಲ್ಲೇ.

ನಮಗೆ ಇಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ. (ನಮ್ಮ ಊರಿನ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಟಿಕೆಟು ಕೊಡಲೇಬೇಕು, ಆ ಮಾತು ಬೇರೆ.) ಮೆಲ್ಬರ್ನಿನಲ್ಲಿ ಬಸ್ಸು, ರೈಲು, ಟ್ರಾಮು ಮೂರಕ್ಕೂ 'ಮೈಕಿ' ಎಂಬ ಒಂದೇ ಕಾರ್ಡು. ಕಾರ್ಡಿಗೇ 6 ಡಾಲರ್. 2025ರಲ್ಲಿ ಎರಡು ಗಂಟೆಯ ಪ್ರಯಾಣಕ್ಕೆ 5 ಡಾಲರ್ 50 ಸೆಂಟ್ಸ್, ಇಡೀ ದಿನ ಎಷ್ಟು ಸುತ್ತಿದರೂ 11 ಡಾಲರಿಗಿಂತ ಹೆಚ್ಚು ಕಡಿಯುತ್ತಿರಲಿಲ್ಲ. ಏಳು ದಿನದ ಪಾಸು ತೆಗೆದರೆ ಆಗ ಐದು ದಿನದ ಹಣ, 55 ಡಾಲರ್ ಇತ್ತು. ಕಾರ್ಡು ಮುಟ್ಟಿಸಲು ಮರೆತು ಸಿಕ್ಕಿಬಿದ್ದರೆ ಸುಮಾರು 300 ಡಾಲರ್ ದಂಡ. ನಗರದ ನಡುವಿನ ಭಾಗದಲ್ಲಿ ಟ್ರಾಮು 2015ರಿಂದ ಉಚಿತ. 2026ರ ಜನವರಿ 1ರಿಂದ ಆ ರಾಜ್ಯದಲ್ಲಿ 18 ವರ್ಷದೊಳಗಿನ ಮಕ್ಕಳಿಗೆ ಬಸ್ಸು ರೈಲು ಎಲ್ಲ ಉಚಿತವಾಗಿದೆ. ಶಾಲೆಗೆ ಹೋಗುವ ಮಕ್ಕಳಿದ್ದವರಿಗೆ ಇದು ದೊಡ್ಡ ಉಪಕಾರ.

ಮೊದಲ ದಿನ ನಾನು 11 ಡಾಲರನ್ನು 660 ರೂಪಾಯಿ ಮಾಡಿ ಎದೆ ಬಡಿದುಕೊಂಡೆ. ಆದರೆ ನಿಜವಾಗಿ ನೋಡಿದರೆ ರೈಲು ಅಷ್ಟು ದುಬಾರಿಯಲ್ಲ, ಕನಿಷ್ಠ ಕೂಲಿಯ ಅರ್ಧ ಗಂಟೆಯ ದುಡಿಮೆ. ಇನ್ನೊಂದು ವಿಶೇಷ ಏನೆಂದರೆ, ಅಷ್ಟು ದೂರದ ಟಾರ್ನೀಟಿನಿಂದ ನಗರಕ್ಕೆ ಹೋದರೂ ಅದೇ 11, ಹತ್ತಿರದ ಫುಟ್ಸ್‌ಕ್ರೇಯಿಂದ ಹೋದರೂ ಅದೇ 11. ಇದನ್ನು ಕೇಳಿಯೇ ಮಗಳು, ಅಳಿಯ, "ದೂರ ಇದ್ದರೆ ಏನಾಯ್ತು, ಟಿಕೆಟು ಒಂದೇ, ಮನೆ ದೊಡ್ಡದು" ಎಂದು ಲೆಕ್ಕ ಹಾಕಿದ್ದು.

ಲೆಕ್ಕ ತಪ್ಪಿದ್ದು ಮನೆಯಿಂದ ರೈಲು ಸ್ಟೇಷನಿನವರೆಗಿನ ದಾರಿಯಲ್ಲಿ. ಟಾರ್ನೀಟ್ ಸ್ಟೇಷನ್ 2015ರಲ್ಲಿ ಶುರುವಾದದ್ದು. ಅದರ ಸುತ್ತ ಮನೆಗಳು ಅಣಬೆಯ ಹಾಗೆ ಎದ್ದಿವೆ, ನಮ್ಮ ದೇಶದವರೇ ತುಂಬಾ ಜನ. ಮಗಳ ಮನೆಯಿಂದ ಸ್ಟೇಷನಿಗೆ ಐದು ಕಿಲೋಮೀಟರ್. ಅವರ ರಸ್ತೆಯ ಬಸ್ಸು 40 ನಿಮಿಷಕ್ಕೆ ಒಂದು, ರಾತ್ರಿ ಬೇಗ ನಿಲ್ಲುತ್ತದೆ, ಭಾನುವಾರ ಕೇಳುವುದೇ ಬೇಡ. ಮಗಳ ಪಾಳಿ ಬೆಳಿಗ್ಗೆ 7ಕ್ಕೆ ಫುಟ್ಸ್‌ಕ್ರೇಯಲ್ಲಿ. ಅಳಿಯನ ಕೆಲಸ ಗೋದಾಮಿನಲ್ಲಿ, ಅಲ್ಲಿ ಸುತ್ತಮುತ್ತ ಬರೀ ಗೋದಾಮು, ನಸುಕಿನಲ್ಲಿ ಶುರುವಾಗುವ ಪಾಳಿಗೆ ಯಾವ ಬಸ್ಸೂ ಇಲ್ಲ. ಅವನಿಗೆ ಕಾರು ಬೇಕೇ ಬೇಕು. ಅವನು ಕಾರು ತೆಗೆದುಕೊಂಡು ಹೋದ ಮೇಲೆ ಇವಳು ಮಗುವನ್ನು ಎತ್ತಿಕೊಂಡು ಚಳಿಯಲ್ಲಿ ಬಸ್ಸಿಗೆ ಕಾಯುವುದು ಹೇಗೆ? ಮೂರು ಸಲ ಪಾಳಿಗೆ ತಡವಾಯಿತು. ಹಾಗಾಗಿ ಎರಡನೇ ಕಾರು, ಸಾಲದಲ್ಲಿ. ಆ ತಿಂಗಳೇ ನಮ್ಮ ಸಂಘದ ಕಂತು ನಿಂತದ್ದು.

ನಾನು ಅಲ್ಲಿಗೆ ಹೋದ ಎರಡನೇ ವಾರ ಒಂದು ಎಕ್ಸರ್‌ಸೈಜ್ ಪುಸ್ತಕ ತೆಗೆದುಕೊಂಡು, ಸಂಘದ ಲೆಡ್ಜರಿನ ಹಾಗೆ ಗೆರೆ ಹೊಡೆದು, ಎರಡನೇ ಕಾರಿನದ್ದು ಮಾತ್ರ ಬೇರೆ ಬರೆದೆ. ಪೆಟ್ರೋಲು ವಾರಕ್ಕೆ 30. ವಾಹನ ನೋಂದಣಿ ವರ್ಷಕ್ಕೆ 900ಕ್ಕಿಂತ ಹೆಚ್ಚು, ಅಲ್ಲಿ ಅದನ್ನು ವರ್ಷ ವರ್ಷ ಕಟ್ಟಬೇಕು, ನಮ್ಮ ಹಾಗೆ ಒಂದು ಸಲ ಕಟ್ಟಿ ಮುಗಿಯುವುದಿಲ್ಲ. ವಾರಕ್ಕೆ 18 ಬಂತು. ವಿಮೆ 22. ಸರ್ವಿಸು, ಟಯರು 20. ಸಾಲದ ಕಂತು 60. ಒಟ್ಟು ವಾರಕ್ಕೆ 150 ಡಾಲರ್! ಒಂಬತ್ತು ಸಾವಿರ ರೂಪಾಯಿ. ಆ ಕಾರು ಮಾಡುತ್ತಿದ್ದ ಕೆಲಸ ಹೆಚ್ಚಾಗಿ ದಿನಕ್ಕೆ ಎರಡು ಸಲ ಸ್ಟೇಷನಿಗೆ ಹೋಗಿ ಬರುವುದು.

ಮಗಳು ಪುಸ್ತಕ ನೋಡಿ, "ಅಮ್ಮಾ, ನಾನು ನಿನಗೆ ಹಣ ಮುಚ್ಚಿಟ್ಟದ್ದಲ್ಲ" ಅಂದಳು. ಅಷ್ಟೇ ಅಂದದ್ದು. ನಾನು ಪಾತ್ರೆ ತೊಳೆಯಲು ಹೋದೆ.

ಆಮೇಲೆ ಸನ್‌ಶೈನ್ ಎಂಬಲ್ಲಿ, ಸ್ಟೇಷನಿಗೆ ನಡೆದು ಹೋಗುವಷ್ಟು ಹತ್ತಿರ, ಎರಡು ಕೋಣೆಯ ಹಳೆಯ ಮನೆ ವಾರಕ್ಕೆ 450ಕ್ಕೆ ನೋಡಿದೆವು. ಹಿತ್ತಿಲು ಇಲ್ಲ, ರೈಲಿನ ಸದ್ದು. ಅಳಿಯನಿಗೆ ಮನಸ್ಸಿರಲಿಲ್ಲ, "ಊರಿನವರು ವಿಡಿಯೋ ಕಾಲಿನಲ್ಲಿ ನೋಡಿದರೆ ಏನು ಹೇಳಿಯಾರು" ಅಂದ. ಸುಳ್ಳೇನಲ್ಲ, ಟಾರ್ನೀಟಿನ ಮನೆಯ ಫೋಟೋ ನಾನೇ ಸಂಘದಲ್ಲಿ ಎಲ್ಲರಿಗೂ ತೋರಿಸಿ ಮೆರೆದವಳು. ಆದರೆ ಬಾಡಿಗೆಯಲ್ಲಿ 50, ಕಾರಿನಲ್ಲಿ 150, ವಾರಕ್ಕೆ 200 ಉಳಿತಾಯ. ವರ್ಷಕ್ಕೆ 10,400 ಡಾಲರ್, 6 ಲಕ್ಷ 24 ಸಾವಿರ ರೂಪಾಯಿ. ಆಗಸ್ಟ್‌ನಲ್ಲಿ ಹಳೆ ಮನೆಯ ಒಂದು ವರ್ಷದ ಕರಾರು ಮುಗಿದ ಕೂಡಲೇ ಬದಲಾಯಿಸಿದರು. ಎರಡನೇ ಕಾರು ಮಾರಿ ಅದರ ಸಾಲ ತೀರಿಸಿದರು. ಫುಟ್ಸ್‌ಕ್ರೇಗೆ ರೈಲಿನಲ್ಲಿ ಹತ್ತು ನಿಮಿಷ.

ಕಾರಿನ ವಿಷಯದಲ್ಲಿ ಇನ್ನೂ ಒಂದು ಮಾತು. ಮೊದಲನೇ ಕಾರನ್ನು ಅಳಿಯ ಪರಿಚಯದವರೊಬ್ಬರಿಂದ, ಅಗ್ಗಕ್ಕೆ ಸಿಕ್ಕಿತೆಂದು, ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ ಇಲ್ಲದೆ ಕೊಂಡಿದ್ದ. ಎರಡು ತಿಂಗಳಲ್ಲಿ ಗೇರ್‌ಬಾಕ್ಸ್ ಹೋಗಿ 2,800 ಡಾಲರ್ ತಿಂದಿತು. ಹಳೆ ಕಾರಿನ ಮೇಲೆ ಸಾಲ ಬಾಕಿ ಉಂಟಾ, ಕಳವಿನದ್ದಾ ಎಂದು ನೋಡಲು ಅಲ್ಲಿ ಸರಕಾರದ ದಾಖಲೆ ಉಂಟು, ಪಿಪಿಎಸ್‌ಆರ್ ಎನ್ನುತ್ತಾರೆ, ಬರೀ 2 ಡಾಲರ್. ನಮ್ಮ ಲೈಸನ್ಸಿನಲ್ಲಿ ವಿಕ್ಟೋರಿಯಾದಲ್ಲಿ ಆರು ತಿಂಗಳು ಓಡಿಸಬಹುದು, ಅಷ್ಟರೊಳಗೆ ಪರೀಕ್ಷೆ ಪಾಸಾಗಬೇಕು. ಏಳು ವರ್ಷದೊಳಗಿನ ಮಗುವಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ, ತೊಡೆ ಮೇಲೆ ಕೂರಿಸಿಕೊಳ್ಳುವ ಹಾಗಿಲ್ಲ. ಆ ಸೀಟಿಗೂ ಹಣ ತೆಗೆದಿಡಬೇಕು.

ಆಸ್ಟ್ರೇಲಿಯಾ ಎಂದರೆ ಒಂದೇ ಊರಲ್ಲ ಎನ್ನುವುದೂ ನೆನಪಿರಲಿ. ಬ್ರಿಸ್ಬೇನಿನಲ್ಲಿ 2024ರ ಆಗಸ್ಟ್‌ನಿಂದ ಬಸ್ಸು ರೈಲು ಯಾವುದಕ್ಕಾದರೂ, ಎಷ್ಟು ದೂರವಾದರೂ, ಒಂದು ಪ್ರಯಾಣಕ್ಕೆ 50 ಸೆಂಟ್ಸ್. ಮೊದಲು ಪ್ರಯೋಗಕ್ಕೆಂದು ಶುರು ಮಾಡಿ ಆಮೇಲೆ ಕಾಯಂ ಮಾಡಿದರು. ಸಿಡ್ನಿಯಲ್ಲಿ ದೂರ ಹೆಚ್ಚಾದ ಹಾಗೆ ದರ ಹೆಚ್ಚು, ಆದರೆ 2025ರಲ್ಲಿ ವಾರಕ್ಕೆ 50 ಡಾಲರಿಗಿಂತ ಮೇಲೆ ಕಡಿಯುತ್ತಿರಲಿಲ್ಲ. ಬಾಡಿಗೆ ಮಾತ್ರ ಸಿಡ್ನಿಯಲ್ಲಿ ಎಲ್ಲ ಕಡೆಗಿಂತ ಭಾರ. ಆದ್ದರಿಂದ ಮಕ್ಕಳು ಎಲ್ಲಿಗೆ ಹೋಗುತ್ತಾರೆ, ಕೆಲಸದ ಜಾಗ ಯಾವುದು, ಪಾಳಿ ಎಷ್ಟು ಹೊತ್ತಿಗೆ, ಆ ಹೊತ್ತಿಗೆ ಬಸ್ಸು ಉಂಟಾ ಎಂದು ಕೇಳಿಯೇ ಮನೆ ನೋಡಬೇಕು. ಮನೆ ನೋಡಿ ಆಮೇಲೆ ಬಸ್ಸು ಹುಡುಕುವುದಲ್ಲ.

ಅಡಿಗೆ ಮನೆ, ಚಳಿ, ಮಗು

ಊಟದ ಖರ್ಚು ನಾನು ಹೆದರಿದಷ್ಟು ಇರಲಿಲ್ಲ. ಹೊರಗೆ ತಿಂದರೆ ಮಾತ್ರ ಸುಟ್ಟಿತು, ಒಂದು ಮಸಾಲೆ ದೋಸೆಗೆ 15 ಡಾಲರಿಗಿಂತ ಹೆಚ್ಚು. ಕುಚ್ಚಿಲಕ್ಕಿ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಬಂಗುಡೆ ಹಿಮದಲ್ಲಿಟ್ಟದ್ದು ಸಿಗುತ್ತದೆ, ರುಚಿ ಅಷ್ಟಕ್ಕಷ್ಟೇ. ಕೊತ್ತಂಬರಿ ಸೊಪ್ಪು ಒಂದು ಕಟ್ಟಿಗೆ ಎರಡೂವರೆ, ಮೂರು ಡಾಲರ್ ಎಂದಾಗ ನಾನು ಕುಂಡದಲ್ಲಿ ಬಿತ್ತಿದೆ. ದೊಡ್ಡ ಅಂಗಡಿಗಳಲ್ಲಿ ಪ್ರತಿ ಸಾಮಾನಿನ ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ನೂರು ಗ್ರಾಮಿಗೆ ಎಷ್ಟು, ಲೀಟರಿಗೆ ಎಷ್ಟು ಎಂದು ಬರೆದಿರುತ್ತಾರೆ, ಅಲ್ಲಿಯ ಕಾನೂನೇ ಹಾಗೆ. ಮಗಳು ಅದನ್ನು ನೋಡುತ್ತಲೇ ಇರಲಿಲ್ಲ. ಫುಟ್ಸ್‌ಕ್ರೇ ಮಾರುಕಟ್ಟೆಯಲ್ಲಿ ಶನಿವಾರ ಅಂಗಡಿ ಮುಚ್ಚುವ ಹೊತ್ತಿಗೆ ಹೋದರೆ ತರಕಾರಿ ಅಗ್ಗ, ಅದು ಎಲ್ಲಾ ಊರಿನ ಸಂತೆಯ ಹಾಗೆಯೇ. ಖಾಲಿ ಬಾಟಲಿ, ಡಬ್ಬಿ ಹಿಂದಿರುಗಿಸಿದರೆ ಒಂದಕ್ಕೆ 10 ಸೆಂಟ್ಸ್ ಕೊಡುತ್ತಾರೆ. ವಿಕ್ಟೋರಿಯಾದಲ್ಲಿ 2023ರ ನವೆಂಬರಿನಿಂದ ಉಂಟು. ನಾನು ಐದು ತಿಂಗಳಲ್ಲಿ 31 ಡಾಲರ್ ಮಾಡಿದೆ, ನಗಬೇಡಿ.

ಜೂನಿನಿಂದ ಆಗಸ್ಟ್ ಅಲ್ಲಿ ಚಳಿಗಾಲ. ಮನೆ ಬಿಸಿ ಮಾಡುವ ಗ್ಯಾಸಿನ ಬಿಲ್ಲು ಎರಡು ತಿಂಗಳಿಗೆ 400 ದಾಟಿತು. ಬೇಸಗೆಯಲ್ಲಿ ಹೋದವರು ಈ ಬಿಲ್ಲನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಖರ್ಚು ಮಗುವಿನದ್ದು. ಮಗುವನ್ನು ನೋಡಿಕೊಳ್ಳುವ ಕೇಂದ್ರಕ್ಕೆ ದಿನಕ್ಕೆ 140 ಡಾಲರ್ ಕೊಡುತ್ತಿದ್ದರು. ಅಲ್ಲಿಯ ಖಾಯಂ ನಿವಾಸಿಗಳಿಗೆ ಸರಕಾರ ಇದರಲ್ಲಿ ದೊಡ್ಡ ಪಾಲು ಕೊಡುತ್ತದೆ, ಇವರಂತೆ ತಾತ್ಕಾಲಿಕ ವೀಸಾದವರಿಗೆ ಸಾಮಾನ್ಯವಾಗಿ ಇಲ್ಲ. ಮೆಡಿಕೇರ್ ಎಂಬ ಸರಕಾರಿ ಆರೋಗ್ಯ ಸೌಲಭ್ಯವೂ ಹಾಗೆಯೇ, ಸ್ವಂತ ವಿಮೆ ಮಾಡಿಸಬೇಕು. ವಾರಕ್ಕೆ ಮೂರು ದಿನ ಕಳುಹಿಸಿದರೆ 420 ಡಾಲರ್, ಅಂದರೆ ಮಗಳು ದುಡಿದದ್ದರಲ್ಲಿ ಹತ್ತಿರ ಹತ್ತಿರ ಅರ್ಧ. ಅದಕ್ಕೇ ಅಜ್ಜಿಯನ್ನು ಕರೆಸಿದ್ದು. ನಾನು ಐದು ತಿಂಗಳು ಮಾಡಿದ ಕೆಲಸಕ್ಕೆ ಅಲ್ಲಿಯ ಬೆಲೆ ಕಟ್ಟಿದರೆ ಎಷ್ಟಾಗುತ್ತದೆ ಎಂದು ಒಂದು ದಿನ ಲೆಕ್ಕ ಹಾಕಿದೆ. ಎಂಟು ಸಾವಿರ ಡಾಲರ್ ದಾಟಿತು. ಇಲ್ಲಿ ಮನೆಯಲ್ಲಿ ಮಾಡುವಾಗ ಅದನ್ನು ಕೆಲಸ ಎಂದೇ ಯಾರೂ ಹೇಳಲಿಲ್ಲ ನೋಡಿ.

ಸಾಲ ಕೊಡುವ ಮೊದಲು

ಓದಲು ಹೋಗುವವರ ಪಾಡು ಇನ್ನೂ ಬಿಗಿ. ವಿದ್ಯಾರ್ಥಿ ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚಕ್ಕೆ ಇಷ್ಟು ಹಣ ಉಂಟೆಂದು ತೋರಿಸಬೇಕು: 2024ರ ಮೇ ತಿಂಗಳಿನಿಂದ ವಿದ್ಯಾರ್ಥಿಗೆ 29,710 ಡಾಲರ್, ಜೊತೆಗೆ ಹೋಗುವ ಗಂಡ ಅಥವಾ ಹೆಂಡತಿಗೆ 10,394, ಒಂದು ಮಗುವಿಗೆ 4,449. ಮೂವರಿಗೆ 44,553, ನಮ್ಮ 26 ಲಕ್ಷ 73 ಸಾವಿರ. ಕಾಲೇಜಿನ ಫೀಸು, ವಿಮಾನದ ಟಿಕೆಟು ಇದರಲ್ಲಿ ಸೇರಿಲ್ಲ. ಇದನ್ನು 52ರಿಂದ ಭಾಗಿಸಿದರೆ ವಾರಕ್ಕೆ 857. ಅದರಲ್ಲಿ 500 ಬಾಡಿಗೆ ತೆಗೆದರೆ ಉಳಿಯುವುದು ಎಷ್ಟು, ನೀವೇ ಹೇಳಿ. ಓದುವವರು ತರಗತಿ ನಡೆಯುವಾಗ ಹದಿನೈದು ದಿನಕ್ಕೆ 48 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಎರಡು ವಾರ ಮಾತ್ರ ಖಾತೆಯಲ್ಲಿ ಇಡಲು ಯಾರಿಂದಲೋ ಹಣ ತಂದು ತೋರಿಸುವವರೂ ಉಂಟು. ತೋರಿಸಿದ ಹಣ ವಾಪಸು ಹೋದ ಮೇಲೆ ಅಲ್ಲಿ ಮಕ್ಕಳು ಏನು ತಿನ್ನುತ್ತಾರೆ?

ಅಳಿಯನಿಗೆ 2024ರ ಆರಂಭದಲ್ಲಿ ಒಂದು ಅಂಗಡಿಯಲ್ಲಿ ಗಂಟೆಗೆ 15 ಡಾಲರ್ ಕೈಗೆ ಕೊಡುತ್ತಿದ್ದರು. ಆಗ ಕನಿಷ್ಠ ಕೂಲಿಯೇ 23 ಡಾಲರ್ 23 ಸೆಂಟ್ಸ್, ಖಾಯಂ ಅಲ್ಲದ ಕೆಲಸಕ್ಕೆ ಅದರ ಮೇಲೆ ನೂರಕ್ಕೆ 25 ಹೆಚ್ಚು ಕೊಡಬೇಕು. ಅವನು ಹೆದರಿ ಸುಮ್ಮನಿದ್ದ. ಹೆದರಬೇಕಿರಲಿಲ್ಲ. ಫೇರ್ ವರ್ಕ್ ಓಂಬುಡ್ಸ್‌ಮನ್ ಎಂಬ ಸರಕಾರಿ ಕಚೇರಿ ಉಂಟು, 13 13 94ಕ್ಕೆ ಫೋನು ಮಾಡಬಹುದು. ಏಜೆಂಟರ ವಿಷಯವೂ ಹಾಗೆಯೇ. ಆಸ್ಟ್ರೇಲಿಯಾದ ವಲಸೆ ಏಜೆಂಟರಿಗೆ ಅಲ್ಲಿಯ ಸರಕಾರದ ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಕೇಳಿ ಪಟ್ಟಿಯಲ್ಲಿ ನೋಡಬಹುದು. ಸಂಖ್ಯೆ ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಹಣ ಕೊಡಬೇಡಿ.

ನಮ್ಮ ಸಂಘದ ಮುಂದೆ ನಾನು ಎರಡು ಸಲಹೆ ಇಟ್ಟಿದ್ದೇನೆ, ಮಹಾಸಂಘವೂ ಯೋಚಿಸಲಿ. ವಿದೇಶಕ್ಕೆಂದು ಸಾಲ ಕೇಳುವವರು ಅರ್ಜಿಯ ಜೊತೆ ಆ ಊರಿನ ವಾರದ ಲೆಕ್ಕ ಒಂದು ಹಾಳೆ ಬರೆದು ತರಬೇಕು: ಬಾಡಿಗೆ, ಪ್ರಯಾಣ, ಊಟ, ಮಗು, ವಿಮೆ. ಮತ್ತೆ, ಹೋದ ಮೇಲೆ ಮೊದಲ ಆರು ತಿಂಗಳು ಅಸಲಿನ ಕಂತು ಕೇಳಬಾರದು, ಬಡ್ಡಿ ಮಾತ್ರ ಕಟ್ಟಲಿ. ಇದಕ್ಕೆ ಕೆಲವರು ಒಪ್ಪಿಲ್ಲ. "ಹಾಗಾದರೆ ದನ ಸಾಕಲು ಸಾಲ ತೆಗೆದವರಿಗೆ ಆರು ತಿಂಗಳು ಯಾಕಿಲ್ಲ" ಎಂದು ಕೇಳಿದ್ದಾರೆ. ಅದೂ ನ್ಯಾಯದ ಪ್ರಶ್ನೆಯೇ, ಮುಂದಿನ ಸಭೆಗೆ ಇಟ್ಟಿದ್ದೇವೆ.

ನನ್ನ ಸಾಲ ಹೋದ ಡಿಸೆಂಬರಿನಲ್ಲಿ ಮುಗಿಯಿತು. ಲೆಕ್ಕದ ಆ ಪುಸ್ತಕ ತಂದಿದ್ದೇನೆ, ಚಹಾದ ಹೊತ್ತಿಗೆ ಈ ಮೇಜಿನ ಮೇಲೆ ಇಡ್ತೇನೆ, ಬೇಕಾದವರು ನಕಲು ಮಾಡಿಕೊಳ್ಳಿ. ಜುಲೈ ತಿಂಗಳ ಪುಟದಲ್ಲಿ ಕೆಂಪು ಗೀಟು ಎಳೆದದ್ದು ನಾನಲ್ಲ, ಮೊಮ್ಮಗ.